ಅತ್ತೆ ಕೂತ ಬೆಂಚು

ಮೇಣದಬತ್ತಿ ಕಾರ್ಖಾನೆ ಮುಚ್ಚಿ ಎರಡು ತಿಂಗಳಾಗಿದ್ದರೂ ಜೈರೋಸಿ ಬೆಳಿಗ್ಗೆ ಆರಕ್ಕೇ ಸಮವಸ್ತ್ರ ತೊಟ್ಟು, ಬುತ್ತಿ ಹಿಡಿದು ಮನೆಯಿಂದ ಹೊರಡುತ್ತಿದ್ದ. ತಾನೂ ಕೆಲಸಕ್ಕೆ ಹೋಗುವ ಹೆಂಡತಿ ಸೆಕಾಯಿಗೆ ಗೊತ್ತಾಗಬಾರದು, ಅಷ್ಟೇ. ಹರಾರೆಯ ಬೀದಿಗಳನ್ನೆಲ್ಲ ಅಳೆದೂ ಅಳೆದೂ ಬೂಟಿನ ಅಡಿ ಹಪ್ಪಳವಾಗಿತ್ತು. ನಿದ್ದೆಯಂತೂ ದೇಶ ಬಿಟ್ಟೇ ಹೋಗಿತ್ತು. ಮೊನ್ನೆ ಒಂದು ಲೈಟುಕಂಬಕ್ಕೆ ನಮಸ್ಕಾರ ಹೇಳಿ, ಅದರ ಮಕ್ಕಳುಮರಿಗಳ ಆರೋಗ್ಯವನ್ನೂ ವಿಚಾರಿಸಿದ್ದ.

ಇನ್ನು ತಡೆಯಲಾರದೆ, ಗುರುತಿನವರು ಸಿಗಬಾರದೆಂದು ಊರಾಚೆಯ ಆಸ್ಪತ್ರೆಗೆ ನಡೆದ. ಅಲ್ಲಿ ಮರದಡಿ ಬೆಂಚಿನ ಮೇಲೆ, ಜನರ ಕಷ್ಟ ಕೇಳಲೆಂದೇ ಆಸ್ಪತ್ರೆಯವರು ನೇಮಿಸಿದ, ಟೋಪಿ ತೊಟ್ಟ ಒಬ್ಬ ಅಜ್ಜಿ ಕೂತಿರುತ್ತಾರೆ. ಯೋಚನೆ ಹೆಚ್ಚಾಗಿ ತಲೆಕೆಟ್ಟವರು ಪಕ್ಕದಲ್ಲಿ ಕೂತು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಜೈರೋಸಿ ನಾಚಿಕೆಯಿಂದ ನೆಲ ನೋಡುತ್ತಲೇ ಕೂತ. "ಅಜ್ಜಿ, ನನ್ ಕೆಲಸ ಹೋಯ್ತು. ಹೆಂಡ್ತಿಗೆ ಹೇಳಿಲ್ಲ," ಎಂದು ತಲೆ ಎತ್ತಿದ.

ಟೋಪಿಯ ಕೆಳಗೆ ಇದ್ದದ್ದು ಸೆಕಾಯಿಯ ತಾಯಿಯ ಮುಖ.

ಕಾದ ಹೆಂಚಿನ ಮೇಲೆ ಕೂತವನಂತೆ ಹಾರಿ ನೆಲಕ್ಕೆ ಬಿದ್ದ. ಅವರ ಪದ್ಧತಿಯಲ್ಲಿ ಅತ್ತೆಯ ಸಮಕ್ಕೆ ಅಳಿಯ ಕೂರುವುದುಂಟೇ? ಮುಖ ಕೊಟ್ಟು ಮಾತಾಡುವುದುಂಟೇ? ಮುಖ ತಿರುಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದ. ಅತ್ತೆಯೂ ಮುಖ ತಿರುಗಿಸಿ, ಗೇಟಿನ ಬಳಿ ಟೊಮೇಟೊ ಮಾರುತ್ತಿದ್ದ ತಪಿವಾನ ಅಮ್ಮನನ್ನು ಕರೆದರು. ನಡುವೆ ಮಾತು ದಾಟಿಸಲು ಒಬ್ಬರು ಬೇಕಲ್ಲ. ಆಕೆ ಪಿಸುಗುಟ್ಟಿದರೂ ಪಕ್ಕದೂರಿನ ಕೋಳಿ ಬೆಚ್ಚಿಬೀಳುತ್ತದೆ.

"ನನ್ನಳಿಯನ್ನ ಕೇಳಮ್ಮ, ಎಷ್ಟು ದಿನ ಆಯ್ತು ಅಂತ."

"ಎರಡು ತಿಂಗಳು," ಜೈರೋಸಿ ಹುಲ್ಲಿಗೆ ಹೇಳಿದ.

"ಎರಡು ತಿಂಗಳಂತೆ ಅಜ್ಜಿ. ಪಾಪ, ಆ ಹುಡುಗಿ ದಿನಾ ಬುತ್ತಿ ಬೇರೆ ಕಟ್ತಾಳಂತೆ," ತಪಿವಾನ ಅಮ್ಮ ಸಾರಿದಳು.

"ಬುತ್ತಿ ವಿಷಯ ನಾನೆಲ್ಲಿ ಹೇಳ್ದೆ?"

"ಕೈಲೇ ಇದೆಯಲ್ಲಪ್ಪ. ನಂಗೇನು ಕಣ್ಣಿಲ್ವಾ?"

ಸಾಲಿನಲ್ಲಿ ಕಾಯುತ್ತಿದ್ದವನೊಬ್ಬ ಎದ್ದ. "ಅತ್ತೆ ಮುಂದೇನೇ ಸಿಕ್ಕಿಬಿದ್ನಾ? ಇದ್ರ ಮುಂದೆ ನನ್ ಕಷ್ಟ ಕಷ್ಟಾನೇ ಅಲ್ಲ," ಎಂದು ವಾಸಿಯಾಗಿ ಮನೆಗೆ ಹೋದ.

"ಅತ್ತೆಯವ್ರಿಗೆ ಹೇಳಿ, ಸೆಕಾಯಿಗೆ ಮಾತ್ರ ತಿಳಿಸ್ಬಾರ್ದು ಅಂತ," ಜೈರೋಸಿ ಬೇಡಿಕೊಂಡ.

ಅತ್ತೆ ತಮ್ಮ ಟೋಪಿ ತೆಗೆದು ತಪಿವಾನ ಅಮ್ಮನ ತಲೆಗಿಟ್ಟರು. "ಬಾ, ಇಲ್ಲಿ ಕೂತ್ಕೊ. ಈಗ ನೀನೇ ಅಜ್ಜಿ. ನಂದೂ ಒಂದಿಷ್ಟು ಕೇಳು."

"ಹೇಳಿ ಅಜ್ಜಿ."

"ಸೆಕಾಯಿ ಕೆಲಸ ಹೋಗಿ ಮೂರು ತಿಂಗಳಾಯ್ತು. ಗಂಡಂಗೆ ಹೇಳಿಲ್ಲ. ದಿನಾ ಕೆಲಸಕ್ಕೆ ಹೊರಟಂಗೆ ಹೊರಟು ನಮ್ಮನೇಗೆ ಬಂದು ಅಳ್ತಾಳೆ. 'ಗಂಡಂಗೆ ಕೆಲಸ ಇದೆಯಲ್ಲೇ, ಯಾಕೆ ಅಳ್ತೀಯ' ಅಂತ ಸಮಾಧಾನ ಹೇಳ್ಕೊಂಡ್ ಬಂದೆ. ನಾಳೆ ಏನಂತ ಹೇಳ್ಲಿ?"

ತಪಿವಾನ ಅಮ್ಮ ನಿಯಮ ತಪ್ಪದೆ ಜೈರೋಸಿಯ ಕಡೆ ತಿರುಗಿ, ಅಷ್ಟನ್ನೂ ಇನ್ನೊಮ್ಮೆ ಸಾರಿದಳು.

ಒಂದು ಹೊರೆ ಇಳಿಸಲು ಬಂದವನ ತಲೆಯ ಮೇಲೆ ಈಗ ಎರಡು. ಸೆಕಾಯಿಯ ಬಳಿ ಓಡಿಹೋಗಬೇಕು ಅನ್ನಿಸಿತು. ಆದರೆ ಅತ್ತೆ ಏಳುವ ಮೊದಲು ಅಳಿಯ ಏಳುವಂತಿಲ್ಲ. ಅತ್ತೆಯೋ, ತಮ್ಮ ಕಷ್ಟಗಳನ್ನೆಲ್ಲ ಮೊದಲಿಂದ ಹೇಳಲು ಶುರುಮಾಡಿ, ಇನ್ನೂ ತಮ್ಮ ಮದುವೆಯ ವರ್ಷದಲ್ಲೇ ಇದ್ದರು.