ಯಾರು ಹೊಡೆದರು?

ನಮ್ಮ ಓದಿನಲ್ಲಿ ನಗು ಬರಿಸುವ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತವೆ. ಆಳಂದದ ಒಂದು ಹೆಣ್ಣುಮಕ್ಕಳ ಅರಬಿ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದೇನೆ, ಮೂರನೇ ವರ್ಷ. ಕಲಿತದ್ದರಲ್ಲಿ ತಲೆಯೊಳಗೆ ಎಷ್ಟು ನಿಂತಿದೆ ಎಂಬ ತಳಮಳ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಹೆಸರಿಲ್ಲದ ಚೀಟಿ

ನಮ್ಮ ಮುಖ್ಯ ಶಿಕ್ಷಕಿಯನ್ನು ಎಲ್ಲರೂ ದೊಡ್ಡ ಆಪಾ, ಅಂದರೆ ದೊಡ್ಡಕ್ಕ, ಅನ್ನುತ್ತೇವೆ. ಒಂದು ದಿನ ಅವರು, ‘ಪಾಠ ಹೆಂಗ ನಡದಾವ, ಉರ್ದುವಿನಾಗ ಬರದು ಕೊಡ್ರಿ. ಹೆಸರು ಬ್ಯಾಡ’ ಅಂದರು. ಪ್ರವಾದಿಗಳ ವಚನಗಳ ಪಾಠದ ಬಗ್ಗೆ ನಾನು, ‘ಹದೀಸ್ ಪಾಠ ಮುಂದೆ ಓಡುತ್ತದೆ, ನಾವು ಹಿಂದೆ ಓಡುತ್ತೇವೆ’ ಎಂದು ಧೈರ್ಯವಾಗಿ ಬರೆದೆ.

ಮರುದಿನ ಆಪಾ ನೇರ ನನ್ನ ಮುಂದೆ ಬಂದು, ‘ಇನ್ನ ಸಾವಕಾಶ ಹೇಳಸ್ತೇನಿ’ ಅಂದರು.

‘ನಾನು ಬರೆದದ್ದಂತ ಹೆಂಗ ಗೊತ್ತಾತ್ರಿ?’

‘ಮೂರು ವರ್ಷ ಆತು, ಅಕ್ಷರಕ್ಕ ಚುಕ್ಕಿ ಇಡೂದು ಮರಿಯಾಕಿ ನೀ ಒಬ್ಬಾಕೀನ.’

ತಿಳಿದವರು

ಒಮ್ಮೆ ಹೊರಗಿನಿಂದ ಒಬ್ಬ ಹಿರಿಯರು ನಮ್ಮ ಕಲಿಕೆ ನೋಡಲು ಬಂದರು. ಭಾರೀ ಉರ್ದುವಿನಲ್ಲಿ ಏನೋ ಕೇಳಿ, ‘ತಿಳಿಯಿತೇ?’ ಅಂದರು. ಇಡೀ ತರಗತಿ ಹೂಂ ಅಂದಿತು. ನನ್ನ ಪಕ್ಕದ ಅಫಜಲಪುರದ ಹುಡುಗಿ ಮಾತ್ರ ‘ಇಲ್ರಿ’ ಅಂದಳು.

‘ಏನು ತಿಳಿಯಲಿಲ್ಲಮ್ಮ?’

‘ನೀವು ಕೇಳಿದ್ದು ತಿಳೀಲಿಲ್ರಿ.’

‘ಮತ್ತೆ ಇವರೆಲ್ಲ ಹೂಂ ಅಂದರಲ್ಲ?’

‘ಅವರಿಗೂ ತಿಳಿದಿಲ್ರಿ. ಅದಕ್ಕ ಹೂಂ ಅಂದ್ರು.’

ಆಯಿ ಬಂದದ್ದು

ನೆಲೋಗಿಯ ನಮ್ಮ ಮನೆಯಲ್ಲಿ ಕನ್ನಡವೇ ಮಾತು. ಅರಬಿ ಕ್ರಿಯಾಪದಗಳನ್ನು ಕನ್ನಡದಲ್ಲಿ ಹೇಳಿಕೊಳ್ಳದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ವ್ಯಾಕರಣದ ಮೊದಲ ಪದವೇ ‘ಹೊಡೆದನು’. ರಜೆಯಲ್ಲಿ ಪರೀಕ್ಷೆಯ ಚಿಂತೆ ಹತ್ತಿ, ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಉರು ಹೊಡೆಯುತ್ತಿದ್ದೆ: ‘ಅಂವ ಹೊಡದ. ಅವರಿಬ್ಬರೂ ಹೊಡದ್ರು. ಅವರೆಲ್ಲಾರೂ ಹೊಡದ್ರು. ಆಕಿ ಹೊಡದ್ಲು.’

ಅಜ್ಜಿ, ನಮ್ಮ ಆಯಿ, ಅಕ್ಕಿ ಆರಿಸುವುದು ಬಿಟ್ಟು ಎದ್ದಳು. ‘ಯಾರ್ಬೇ ನಿನಗ ಹೊಡದವ್ರು?’

‘ಯಾರೂ ಇಲ್ಲ ಆಯಿ, ಅದು ಪಾಠ.’

‘ಹೊಡಿಯೂದು ಎಂಥಾ ಪಾಠ? ಸಾಕು ನಿನ್ನ ಓದು. ಆಳಂದಕ್ಕ ಹೋಗಿ ನಿನ್ನ ಗಂಟು ತಗೊಂಡು ಬರೂನು ನಡಿ.’

ಎಷ್ಟು ಹೇಳಿದರೂ ಕೇಳಲಿಲ್ಲ. ಇಬ್ಬರೂ ಆಳಂದದ ಬಸ್ಸು ಹತ್ತಿದೆವು. ಓದು ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ದೊಡ್ಡ ಆಪಾ ಎಲ್ಲ ಕೇಳಿ, ನಗು ತಡೆದುಕೊಂಡು ಹೇಳಿದರು: ‘ಅಮ್ಮಾ, ಇಲ್ಲಿ ಯಾರೂ ಯಾರಿಗೂ ಹೊಡದಿಲ್ರಿ. ನೂರಾರು ವರ್ಷದಿಂದ ವ್ಯಾಕರಣ ಹಿಂಗೇ ಶುರು ಮಾಡ್ತಾರ.’

ಆಯಿ, ‘ಹಂಗಿದ್ರ ಓದಲಿ’ ಅಂದಳು. ನನಗೆ ಜೀವ ಬಂತು. ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲಿ ಮತ್ತೆ ತಿರುಗಿ ನಿಂತಳು.

‘ನೂರಾರು ವರ್ಷದಿಂದ ಹೊಡಿಯಾಕತ್ತಾರಂತೀರಿ. ಒಬ್ಬರೂ ನಡುವ ಹೋಗಿ ಬಿಡಿಸಿಲ್ಲೇನ್ರಿ?’