ಕಂಪನಿ ಸ್ಟೀರಿಯೊ ಮುಟ್ಟದೆ ಮಾಡಿದ ಸುಧಾರಣೆ

ನನ್ನ ಹೆಂಡತಿಗೆ ಬಾಯೊಳಗೇ ಮಾತಾಡುವ ಚಟ. ಇದು ನನ್ನ ಎರಡು ವರ್ಷದ ಅಹವಾಲು. ಅಕ್ಕಪಕ್ಕದ ಮನೆಯವರಿಗೆ, ಆಫೀಸಿನವರಿಗೆ, ಒಮ್ಮೆ ಅವಳ ಸ್ವಂತ ಅಣ್ಣನಿಗೂ ಇದನ್ನು ಸಲ್ಲಿಸಿದ್ದೇನೆ. ಮದುವೆಯಾದ ಹೊಸದರಲ್ಲಿ ನನ್ನ ಒಂದು ಮಾತಿಗೆ ಹತ್ತು ಮಾತು ಹಚ್ಚುತ್ತಿದ್ದ ಹೆಂಗಸು, ಐವತ್ತು ದಾಟುತ್ತಿದ್ದಂತೆ ತುಟಿ ಅಲ್ಲಾಡಿಸಿ ಸುಮ್ಮನಾಗುವ ಹಂತಕ್ಕೆ ಬಂದಿದ್ದಳು. ಅವಳು ಗ್ರಂಥಾಲಯದಲ್ಲಿ ಮುಖ್ಯಸ್ಥರ ಕೆಳಗಿನ ಎರಡನೇ ಕುರ್ಚಿಯಲ್ಲಿ ಕೂರುವವಳು. ಅಲ್ಲಿನ ಪಿಸುಮಾತಿನ ರೋಗವನ್ನು ಮನೆಗೂ ಹೊತ್ತು ತಂದಿದ್ದಾಳೆ ಎಂದು ನಾನೇ ರೋಗನಿದಾನ ಮಾಡಿದ್ದೆ. ಅಂತೂ ಬಾಯಿ ಸೋತಿತು, ನಾನು ಗೆದ್ದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. (ಗೆದ್ದವನ ಮುಖ ಹೇಗಿರುತ್ತದೆ ಎಂದು ನೋಡಬೇಕಾದವರು ಈಗ ಬಂದರೆ ದರ್ಶನ ಕೊಡುತ್ತೇನೆ.)

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ನೀರು ಸರಬರಾಜು ಕಚೇರಿಯ ದೂರು ವಿಭಾಗ. ಒಂದು ದಪ್ಪ ಗಾಜು, ಗಾಜಿಗೆ ಏಳು ತೂತು, ತೂತಿನ ಆಚೆ ಊರಿನ ಸಮಸ್ತ ಸಿಟ್ಟು, ಈಚೆ ನಾನು. ಎದುರು ನಿಂತವರು ಏನು ಹೇಳಿದರೂ ಅದು ನಲ್ಲಿಯ ವಿಷಯವೇ ಆಗಿರುವುದರಿಂದ ಕೇಳಿಸಿಕೊಳ್ಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಮುಖ ಎಷ್ಟು ಕೆಂಪಗಾಗಿದೆ ಎಂದು ನೋಡಿ, ತಕ್ಕಷ್ಟು ತಲೆಯಾಡಿಸಿ, "ನೋಡೋಣ ಬಿಡಿ" ಎಂದರೆ ಮುಗಿಯಿತು. ಹೋದ ವರ್ಷ ನನಗೆ ಇಲಾಖೆಯ ಅತ್ಯಂತ ತಾಳ್ಮೆಯ ನೌಕರ ಎಂಬ ಪ್ರಶಸ್ತಿಪತ್ರ ಕೊಟ್ಟರು. ಅದೇ ಮಾತನ್ನು ಸ್ವಲ್ಪ ಪ್ರೀತಿ ಬೆರೆಸಿ, "ನೋಡೋಣ ಬಿಡು" ಎಂದು ಮನೆಯಲ್ಲೂ ಬಳಸುತ್ತಿದ್ದೆ. ಎಲ್ಲದಕ್ಕೂ ಹೊಂದುತ್ತಿತ್ತು.

ಇನ್ನು ಕಾರು. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ, ನಾವಿಬ್ಬರೂ ಒಟ್ಟಿಗೆ ಹೋಗಿಬರುತ್ತಿದ್ದೆವು. ದಿನದಲ್ಲಿ ನನಗೆ ದಕ್ಕುತ್ತಿದ್ದ ಸುಖ ಇದೊಂದೇ: ಸ್ಟೀರಿಯೊ ಹಾಕಿ ಹಾಡು ಕೇಳುವುದು. ಆದರೆ ಕಾರು ಬಂದು ಒಂದು ವರ್ಷವಾಗುವಷ್ಟರಲ್ಲಿ ಅದರ ದನಿ ಮಂಕಾಯಿತು. ಹಾಡುವವರೆಲ್ಲ ಕಂಬಳಿ ಹೊದ್ದು ಹಾಡಿದ ಹಾಗೆ. ತಾಳದ ಸಣ್ಣ ಸದ್ದು ಹೋಯಿತು, ಕೊಳಲಿನ ಮೇಲಿನ ಸ್ವರ ಹೋಯಿತು. ಕಂಪನಿಯವರು ಕಡಿಮೆ ದರ್ಜೆಯ ಮಾಲು ಹಾಕಿ ಟೋಪಿ ಹಾಕಿದ್ದಾರೆ ಎಂದು ನಿರ್ಧರಿಸಿದೆ. ಸ್ಟೀರಿಯೊ ಕಿತ್ತೆಸೆದು ಹೊಸದು ಹಾಕಿಸುವ ಘೋಷಣೆಯನ್ನು ಒಂದು ಸಂಜೆ ಊಟದ ಮೇಜಿನ ಮುಂದೆ ಹೊರಡಿಸಿದೆ.

ಹೆಂಡತಿ ತಟ್ಟೆಯಿಂದ ತಲೆಯೆತ್ತಿ ಏನೋ ಅಂದಳು. ಯಥಾಪ್ರಕಾರ ಬಾಯೊಳಗೆ. ಗಟ್ಟಿಯಾಗಿ ಹೇಳು ಎಂದೆ. ಅವಳು ಎದ್ದು ಬಂದು, ನನ್ನ ಮೂಗಿನ ಮುಂದೆ ನಿಂತು, ಒಂದೊಂದೇ ಪದವನ್ನು ಕಡಿದು ಕಡಿದು ಹೇಳಿದಳು. ಆ ಸ್ಟೀರಿಯೊದ ಪರದೆಯಲ್ಲೇ ಹಿಂದಿನ ಕ್ಯಾಮರಾ ಕಾಣುವುದಂತೆ. ಅದಿಲ್ಲದೆ ಗ್ರಂಥಾಲಯದ ಇಕ್ಕಟ್ಟು ಜಾಗದಲ್ಲಿ ಗಾಡಿ ಹಿಂದಕ್ಕೆ ತೆಗೆಯಲು ಅವಳಿಂದ ಆಗುವುದಿಲ್ಲವಂತೆ. (ನನಗೆ ಆಫೀಸಿನಲ್ಲಿ ತಡವಾಗುವ ದಿನ ಗಾಡಿ ಅವಳ ಕೈಯಲ್ಲಿ.) ಸ್ಟೀರಿಯೊದಲ್ಲಿ ಏನೂ ಕೆಟ್ಟಿಲ್ಲ, ಅದನ್ನು ಮುಟ್ಟಿದರೆ ನೆಟ್ಟಗಿರುವುದಿಲ್ಲ ಎಂದೂ ಸೇರಿಸಿದಳು. ನೆಟ್ಟಗಿರುವುದಿಲ್ಲ ಎಂದದ್ದು ಸ್ಟೀರಿಯೊ ಬಗ್ಗೆಯೋ ನನ್ನ ಬಗ್ಗೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಮಾರನೆಯ ದಿನವೇ ಸೌಂಡ್ ಅಣ್ಣನ ಅಂಗಡಿಗೆ ಹೋದೆ. ಟೈರ್ ಅಂಗಡಿಯ ಪಕ್ಕದಲ್ಲಿ ಕಾರುಗಳ ಬಾಗಿಲು ಬಿಚ್ಚಿಟ್ಟುಕೊಂಡು ಕೂರುವ ನರೆಗಡ್ಡದ ಮನುಷ್ಯ ಆತ. ಊರೆಲ್ಲ ಸೌಂಡ್ ಅಣ್ಣ ಎಂದೇ ಕರೆಯುತ್ತದೆ. ನನ್ನ ಸಂಕಟ ಕೇಳಿ ನಕ್ಕ. ಕಂಪನಿ ಸ್ಟೀರಿಯೊ ಇದ್ದಲ್ಲೇ ಇರಲಿ, ಅದರ ಹಿಂದಿನಿಂದ ದನಿಯನ್ನು ಎಳೆದುಕೊಂಡು ಸೀಟಿನ ಕೆಳಗೆ ಆಂಪ್ಲಿಫೈಯರ್ ಇಡೋಣ, ಒಂದು ವೈರನ್ನೂ ಕತ್ತರಿಸುವುದಿಲ್ಲ, ಮೇಡಂಗೆ ಗೊತ್ತೇ ಆಗುವುದಿಲ್ಲ ಎಂದ. ಹೆಂಡತಿಗೆ ಗೊತ್ತಾಗದ ಸುಧಾರಣೆ ಎಂದರೆ ಯಾವ ಗಂಡಸು ಬೇಡ ಅಂದಾನು.

ಮೊದಲು ಆಂಪ್ಲಿಫೈಯರ್ ಬಂತು. ದನಿ ಜೋರಾಯಿತೇ ಹೊರತು ಕಂಬಳಿ ಹೋಗಲಿಲ್ಲ. ಆಮೇಲೆ ನಾಲ್ಕು ಬಾಗಿಲಿಗೂ ಹೊಸ ಸ್ಪೀಕರ್. ಆದರೂ ಕಂಬಳಿ. ಬಾಗಿಲ ತಗಡು ಅದುರುತ್ತದೆ ಎಂದು ಒಳಗೆ ದಪ್ಪ ಹಾಳೆ ಅಂಟಿಸಿದ. ಬಾಗಿಲುಗಳು ಕಬ್ಬಿಣದ ಬೀರುವಿನಂತೆ ಮುಚ್ಚಿಕೊಳ್ಳತೊಡಗಿದವು, ಕಂಬಳಿ ಮಾತ್ರ ಸರಿಯಲಿಲ್ಲ. ಕೊನೆಗೆ ಡಿಕ್ಕಿಗೆ ಗುಡುಗುವ ಒಂದು ಬೇಸ್ ಡಬ್ಬ ಬಂದು ಕೂತಿತು. ಅಂದಿನಿಂದ ತರಕಾರಿ ಚೀಲ ನನ್ನ ಪಕ್ಕದ ಸೀಟಿನಲ್ಲಿ, ಹೆಂಡತಿ ಹಿಂದಿನ ಸೀಟಿನಲ್ಲಿ. ಮುಂದಿನ ಸ್ಪೀಕರ್‌ಗಳ ಚೀರಾಟಕ್ಕೆ ತಲೆ ಒಡೆಯುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದ್ದಳು. ಡಬ್ಬ ಬಂದ ಮೇಲೆ ಗೊತ್ತಾಗದಿರುವ ಪ್ರಶ್ನೆಯೇ ಇರಲಿಲ್ಲವಲ್ಲ. ಆದರೂ ಅವಳು ಜಗಳ ಕಾಯಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಇಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ ಎಂದು ನನಗೆ ಆಶ್ಚರ್ಯ, ಜೊತೆಗೆ ಒಂದಿಷ್ಟು ಹೆಮ್ಮೆ.

ಕಡೆಗೆ ಸೌಂಡ್ ಅಣ್ಣ ತಲೆ ಕೆರೆದುಕೊಂಡು, ಒಂದು ಶನಿವಾರ ಬನ್ನಿ, ಕೂತು ಟ್ಯೂನ್ ಮಾಡೋಣ ಎಂದ. ಗ್ರಂಥಾಲಯ ಅರ್ಧ ದಿನ, ಹೆಂಡತಿಯನ್ನು ಕರೆದುಕೊಂಡು ನೇರವಾಗಿ ಅಲ್ಲಿಗೇ ಹೋದೆ. ಆತ ಒಂದು ಟ್ಯಾಬ್ಲೆಟ್ಟನ್ನು ಕಾರಿಗೆ ಜೋಡಿಸಿದ. ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಒಂದೊಂದಾಗಿ ಬರುತ್ತದೆ, ಕೇಳಿಸಿದ ಕೂಡಲೇ ಕೈಯೆತ್ತಿ, ಯಾವುದು ಕಡಿಮೆಯೋ ಅದನ್ನು ಏರಿಸುತ್ತೇನೆ ಎಂದು ವಿವರಿಸಿದ. ನಾನು ಸೀಟನ್ನು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಸಂಗೀತ ವಿಮರ್ಶಕನ ಗತ್ತಿನಲ್ಲಿ ಕುಳಿತೆ.

ಗುಂಯ್ ಎಂದಿತು. ಕೈಯೆತ್ತಿದೆ. ಇನ್ನೊಂದು, ಸ್ವಲ್ಪ ತೆಳುವಾದದ್ದು. ಎತ್ತಿದೆ. ಹೀಗೆ ಐದಾರು ಸಲ. ಆಮೇಲೆ ಏನೂ ಇಲ್ಲ. ನಡುವೆ ಬಿಡುವು ಕೊಟ್ಟಿದ್ದಾನೆಂದು ತಾಳ್ಮೆಯಿಂದ ಕಾದೆ. (ಪ್ರಶಸ್ತಿ ಸುಮ್ಮನೆ ಬಂದದ್ದಲ್ಲ.) ಬಹಳ ಹೊತ್ತಾಯಿತು. ಬೇಗ ಶುರು ಮಾಡಪ್ಪ, ಸೆಕೆಯಾಗುತ್ತಿದೆ ಎಂದು ಕಣ್ಣು ಬಿಟ್ಟರೆ, ಸೌಂಡ್ ಅಣ್ಣ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಪಕ್ಕದ ಟೈರ್ ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡು ಬಂದು ನಿಂತಿದ್ದ, ಅವನ ಬಾಯಿ ಬೈಗುಳದ ಆಕಾರದಲ್ಲಿ ತೆರೆದಿತ್ತು. ಹಿಂದೆ ತಿರುಗಿದೆ. ಹೆಂಡತಿ ಅಂಗೈಗಳನ್ನು ಕಿವಿಗೊತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಮುದುಡಿ ಕೂತಿದ್ದಳು.

ಸೌಂಡ್ ಅಣ್ಣ ಟ್ಯಾಬ್ಲೆಟ್ ಆರಿಸಿ, ನನ್ನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ.

"ಸಾರ್, ಗಾಡೀಲಿ ಏನೂ ದೋಷ ಇಲ್ಲ. ಮೊದಲನೇ ದಿನಾನೂ ಇರಲಿಲ್ಲ ಅನ್ಸುತ್ತೆ. ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ."

ಹೆಂಡತಿ ನಗುತ್ತಾಳೆ, ಜನ್ಮವಿಡೀ ಆಡಿಕೊಳ್ಳಲು ವಸ್ತು ಸಿಕ್ಕಿತು ಎಂದು ನಾನು ಮೈ ಹಿಡಿ ಮಾಡಿಕೊಂಡೆ. ಅವಳು ನಗಲಿಲ್ಲ. ಇದು ಎಷ್ಟು ದಿನದಿಂದ ಇರಬಹುದು ಎಂದು ಅವನನ್ನು ಎರಡು ಸಲ ಕೇಳಿದಳು. ಅವನಿಗೇನು ಗೊತ್ತು ಪಾಪ.

ಗೊತ್ತಿದ್ದದ್ದು ಕಿವಿ ಡಾಕ್ಟರಿಗೆ. ಆಕೆ ನನ್ನನ್ನು ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಅದೇ ಗುಂಯ್ ಪರೀಕ್ಷೆ ಮಾಡಿ, ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಗೆರೆ ಅರ್ಧದವರೆಗೆ ಮರ್ಯಾದೆಯಿಂದ ನಡೆದು ಆಮೇಲೆ ಬಾವಿಗೆ ಬಿದ್ದಿತ್ತು. ಸಣ್ಣ ಸದ್ದುಗಳು, ಮಾತಿನ ತುದಿಗಳು, ಹೆಂಗಸರ ದನಿಯ ಅರ್ಧ ಭಾಗ, ಎಲ್ಲ ಆ ಬಾವಿಯಲ್ಲಿ. ಎರಡು ಮೂರು ವರ್ಷದ ಸರಕು ಎಂದರು. ಕಿವಿ ಹಾಗೆಯೇ ಇರುತ್ತದೆ, ಅದರ ಹಿಂದೆ ಗೋಡಂಬಿಗಿಂತ ಸ್ವಲ್ಪ ದೊಡ್ಡ ಯಂತ್ರ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿದರು. ಈ ಸ್ಕೀಮು ನಮ್ಮನೆಯವರಿಗೆ ಹೊಸದಲ್ಲ ಬಿಡಿ ಎಂದು ನನ್ನ ಹೆಂಡತಿ ಅವರಿಗೆ ಹೇಳಿದಳಂತೆ.

ಯಂತ್ರ ಕೂತ ದಿನ ಪ್ರಪಂಚದ ಗಲಾಟೆ ಕೇಳಿ ಕಣ್ಣು ಬಾಯಿ ಬಿಟ್ಟೆ. ಫ್ರಿಜ್ಜು ನರಳುತ್ತದೆ. ನನ್ನ ಚಪ್ಪಲಿ ಕಿರುಚುತ್ತದೆ. ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತದೆ (ನೀರು ಸರಬರಾಜು ಕಚೇರಿಯವನ ಮನೆಯಲ್ಲಿ). ಆಫೀಸಿನಲ್ಲಿ ಗಾಜಿನ ಏಳು ತೂತುಗಳಿಂದ ಜನ ನನ್ನ ಬಗ್ಗೆ ಪರಸ್ಪರ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಮೊದಲ ಸಲ ತಿಳಿಯಿತು. ಅದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಅಂದು ಸಂಜೆ ಕಾರಿನಲ್ಲಿ ಹೆಂಡತಿಯನ್ನು ಮುಂದಿನ ಸೀಟಿಗೆ ಆಹ್ವಾನಿಸಿದೆ. ಹಾಡನ್ನು ಸಣ್ಣಗೆ ಮಾಡಿ, ದೊಡ್ಡ ಮನಸ್ಸಿನವನಂತೆ ಹೇಳಿದೆ: ಎರಡು ವರ್ಷದಲ್ಲಿ ನೀನು ಹೇಳಿ ನನಗೆ ಕೇಳಿಸದೆ ಹೋದದ್ದು ಏನೇನಿದೆಯೋ ಎಲ್ಲ ಹೇಳು, ಬೈಗುಳವಿದ್ದರೂ ಸರಿ, ಇವತ್ತು ಒಂದನ್ನೂ ಬಿಡದೆ ಕೇಳುತ್ತೇನೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು.

"ಇಲ್ಲೇ ಒಂದ್ಸಲ ಕೇಳಿದ್ದೆ ನಿಮ್ಮನ್ನ. ಆಚೆ ಊರಿನ ಲೈಬ್ರರಿಗೆ ಮುಖ್ಯಸ್ಥೆ ಆಗಿ ಬಾ ಅಂತ ಕರೆದಿದಾರೆ, ಮೂರು ಗಂಟೆ ದಾರಿ, ಹೋಗಲಾ ಅಂತ."

ನಾನು ಏನೆಂದೆ ಎಂದು ಕೇಳಿದೆ.

"ನೋಡೋಣ ಬಿಡು ಅಂದ್ರಿ. ಹಾಡು ಜೋರು ಮಾಡಿದ್ರಿ. ಮತ್ತೆರಡು ಸಲ ಕೇಳ್ದೆ, ಅದೇ ಅಂದ್ರಿ. ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ. ಕೊನೇ ತಾರೀಖು ದಾಟಿಹೋಯ್ತು."

ಆ ಕುರ್ಚಿ ಅವಳ ಕೈಕೆಳಗಿದ್ದವಳಿಗೆ ಹೋಯಿತಂತೆ. ಅವಳನ್ನು ಕಳಿಸಿಕೊಡುವ ಸಮಾರಂಭದಲ್ಲಿ ನಾಲ್ಕು ಮಾತು ಆಡಿದ್ದೂ ನನ್ನ ಹೆಂಡತಿಯೇ ಅಂತೆ. ನನಗೆ ಕೇಳಿಸಿರಲಿಲ್ಲ ಕಣೇ ಎಂದು ಹೇಳಲು ಬಾಯಿ ತೆರೆದೆ. ನೂರಕ್ಕೆ ನೂರು ನಿಜವಾದ ಮಾತು, ಡಾಕ್ಟರ ಗೆರೆಯ ಸಾಕ್ಷಿಯೂ ಇದೆ. ಆದರೆ ಕೇಳಿಸಿದ್ದರೆ ಏನನ್ನುತ್ತಿದ್ದೆ? ಅದನ್ನೇ ಅನ್ನುತ್ತಿದ್ದೆ. ನನಗೆ ನನ್ನ ಬಗ್ಗೆ ಅಷ್ಟು ಗೊತ್ತಿದೆ.

ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು. (ಅದೂ ಎಷ್ಟು ಸ್ಪಷ್ಟ.) ಗಾಡಿ ಹೊರಟ ಮೇಲೆ ಅವಳು ಉಳಿದದ್ದನ್ನು ಹೇಳಿದಳು. ಆ ಜಾಗ ಮತ್ತೆ ಖಾಲಿಯಾಗಿ ಅವಳನ್ನೇ ಕರೆದಿದ್ದಾರೆ. ಡಿಕ್ಕಿಗೆ ಡಬ್ಬ ಬಂದ ವಾರವೇ ಒಪ್ಪಿಗೆ ಬರೆದು ಕಳಿಸಿದ್ದಾಳೆ. ಒಂದನೇ ತಾರೀಖು ಸೇರಬೇಕು. ಅಲ್ಲಿ ಓಡಾಡಲು ಕಾರು ಅವಳಿಗೆ ಬೇಕು. ಈ ಸಲ ನನ್ನನ್ನು ಕೇಳುವ ಉದ್ದೇಶ ಇರಲಿಲ್ಲ, ತಿಳಿಸುವುದಷ್ಟೇ ಇತ್ತು.

ಒಂದಕ್ಷರವೂ ತಪ್ಪದೆ ಕೇಳಿಸಿತು. ಆಗ ನಾನು ಮಾಡಿದ ಕೆಲಸವನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಕಿವಿಯ ಹಿಂದೆ ಕೈಯಿಟ್ಟುಕೊಂಡು, ಏನಂದೆ, ಸರಿಯಾಗಿ ಕೇಳಿಸಲಿಲ್ಲ, ಯಂತ್ರ ಹೊಸದಲ್ಲವೇ ಎಂದೆ.

"ಕೇಳಿಸ್ತು ನಿಮಗೆ," ಅಂದಳು ಪಿಸುದನಿಯಲ್ಲಿ.

ಅದೂ ಕೇಳಿಸಿತು.

ಸೌಂಡ್ ಅಣ್ಣ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬಿಚ್ಚಿ ಕಾರನ್ನು ಮೊದಲಿದ್ದಂತೆ ಮಾಡಿಕೊಟ್ಟ. ಒಂದು ವೈರೂ ಕತ್ತರಿಸಿರಲಿಲ್ಲ ನೋಡಿ ಸಾರ್ ಎಂದು ಹೆಮ್ಮೆಯಿಂದ ತೋರಿಸಿದ. ಅವಳು ಎರಡು ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟು, ಪರದೆ ನೋಡಿಕೊಂಡು ಗಾಡಿಯನ್ನು ನಾಜೂಕಾಗಿ ಹಿಂದಕ್ಕೆ ತೆಗೆದು ಹೊರಟುಹೋದಳು. ಕಂಪನಿ ಸ್ಟೀರಿಯೊದಲ್ಲಿ ಹಾಡು ಬರುತ್ತಿತ್ತು. ಏನು ಚೆನ್ನಾಗಿತ್ತು ಅಂತೀರಿ. ಬೇಸ್ ಡಬ್ಬ ಈಗ ನಡುಮನೆಯಲ್ಲಿದೆ, ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಇಡುತ್ತೇನೆ. ಆಫೀಸಿಗೆ ಬಸ್ಸು.

ಭಾನುವಾರ ಭಾನುವಾರ ಅವಳು ಫೋನ್ ಮಾಡುತ್ತಾಳೆ. ಊಟ, ಮಾತ್ರೆ, ಯಂತ್ರದ ಬ್ಯಾಟರಿ, ಇಷ್ಟು ವಿಚಾರಿಸುತ್ತಾಳೆ. ಹೋದ ವಾರ ಮಾತು ಮುಗಿಸಿ ಫೋನನ್ನು ಕಟ್ ಮಾಡದೆ ಹಾಗೇ ಮೇಜಿನ ಮೇಲಿಟ್ಟಳು. ನಾನೂ ಇಡಲಿಲ್ಲ. ಪಾತ್ರೆಯ ಸದ್ದು ಕೇಳಿಸಿತು, ಬಾಗಿಲು ತೆರೆದದ್ದು ಕೇಳಿಸಿತು, ಪಕ್ಕದ ಮನೆಯವಳು ಬಂದು ಏನೋ ಹೇಳಿದ್ದು ಕೇಳಿಸಿತು. ಆಮೇಲೆ ನನ್ನ ಹೆಂಡತಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವ ನಗು, ಉಸಿರು ಸಿಕ್ಕಿಹಾಕಿಕೊಳ್ಳುವಂಥದ್ದು. ಎರಡು ವರ್ಷದಿಂದ ಆ ನಗು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಮೊನ್ನೆ ಯಂತ್ರ ತೋರಿಸಲು ಹೋದಾಗ ಇದನ್ನೂ ಡಾಕ್ಟರಿಗೆ ಹೇಳಿದೆ. ನೋಡಿ ಮೇಡಂ, ಕಿವಿಯ ದೋಷದಿಂದ ಹೆಂಡತಿಯ ನಗುವನ್ನೂ ಕಳೆದುಕೊಂಡಿದ್ದೆ ಎಂದೆ. ಆಕೆ ಹಳೆಯ ಕಾಗದ ತೆಗೆದು, ಆ ಗೆರೆಯನ್ನು ಇನ್ನೊಮ್ಮೆ ನೋಡಿದರು. ಅಷ್ಟೊಂದು ಕೆಟ್ಟಿರಲಿಲ್ಲ ನಿಮ್ಮ ಕಿವಿ, ಮನೆಯಲ್ಲಿ ಯಾರಾದರೂ ನಕ್ಕಿದ್ದರೆ ಕೇಳಿಸುತ್ತಿತ್ತು ಎಂದರು.