ಹನ್ನೊಂದನೇ ವಾಲ್ವು

ಡ್ರಾಯಿಂಗ್ ಮೇಷ್ಟ್ರು ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾದದ್ದು ತಮ್ಮದೇ ಮೂತ್ರಕೋಶದ ತಪ್ಪಿನಿಂದ. ಒಂಬತ್ತು ವರ್ಷಗಳ ಹಿಂದೆ ನಿವಾಸಿಗಳ ಸಭೆಯ ನಡುವೆ ಎರಡೇ ನಿಮಿಷ ಎದ್ದುಹೋಗಿದ್ದರು. ಕೈ ಒರೆಸಿಕೊಳ್ಳುತ್ತ ವಾಪಸು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆಂದು ತಿಳಿಯದೆ ಅವರೂ ತಟ್ಟಿದರು.

ಅಂದಿನಿಂದ ಮೂವತ್ತು ವರ್ಷ ಹಳೆಯ ಆ ಕಟ್ಟಡ ಅವರ ಹೆಗಲೇರಿತು. ಲಿಫ್ಟು ಮುದುಕರಂತೆ ಕೆಮ್ಮುತ್ತಿತ್ತು, ತಾರಸಿ ಬೆವರುತ್ತಿತ್ತು, ಪೈಪುಗಳ ಹೊಟ್ಟೆಯೊಳಗೆ ಗುಡುಗು. ಮುಂದಿನ ಹತ್ತು ವರ್ಷಗಳಲ್ಲಿ ಯಾವ ವರ್ಷ ಏನನ್ನು ಬದಲಾಯಿಸಬೇಕೆಂದು ಮೇಷ್ಟ್ರು ದೊಡ್ಡ ಹಾಳೆಯ ಮೇಲೆ ಯೋಜನೆ ಬರೆದು, ಪೈಪಿಗೆ ನೀಲಿ, ಲಿಫ್ಟಿಗೆ ಕೆಂಪು, ತಾರಸಿಗೆ ಕಿತ್ತಳೆ ಬಣ್ಣ ಹಚ್ಚಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. "ಸೂರ್ಯಾಸ್ತ ಬಹಳ ಚೆನ್ನಾಗಿ ಬಂದಿದೆ ಮೇಷ್ಟ್ರೇ" ಎಂದು ನಾಲ್ಕನೇ ಮಹಡಿಯ ಸಂಗೀತದ ಟೀಚರು ಹೊಗಳಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದರು. "ನಾಳೆ ಬೆಳಿಗ್ಗೆ ಬಸ್ಸಿಗೆ ನಮ್ಮಕ್ಕನ ಮನೆಗೆ. ಹತ್ತು ದಿನ. ಹೋದ ಸಲ ಮೋಟಾರು ಸುಟ್ಟುಹೋಯ್ತು ಅಂತ ಉಳ್ಕೊಂಡ್ರಿ, ಅದರ ಹಿಂದಿನ ಸಲ ಗೇಟು ಬಿತ್ತು ಅಂದ್ರಿ. ಈ ಸಲ ಬರದಿದ್ರೆ ಆ ಸೆಕ್ರೆಟರಿಗಿರಿ ಜೊತೇಲೇ ಸಂಸಾರ ಮಾಡ್ಕೊಳ್ಳಿ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎರಡನೇ ಮಹಡಿಯ ಕನ್ನಡಕದಂಗಡಿಯವರು. ಜೊತೆಗೊಬ್ಬ ಎತ್ತರದ ಹೆಂಗಸು.

"ಮೇಷ್ಟ್ರೇ, ನಮ್ಮ ಬಿಲ್ಡಿಂಗಿನ ಪೈಪು, ವಾಲ್ವು ಎಲ್ಲ ಒಂದ್ಸಲ ತೋರಿಸ್ತೀರಾ? ಸರಿಯಾಗಿ ತಿಳ್ಕೋಬೇಕು ಅಂತ. ಇವರು ಹಲ್ಲಿನ ಡಾಕ್ಟ್ರು, ನಮಗೆ ಬೇಕಾದವರು. ಇವರೂ ನೋಡ್ತಾರೆ."

ಒಂಬತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ! ಮೇಷ್ಟ್ರು ಒಳಗೋಡಿ ಹೆಂಡತಿಯ ಕಿವಿಯಲ್ಲಿ, "ವಾರಸುದಾರ ಸಿಕ್ಕಿದ ಕಣೇ! ಸಂಜೆಯೊಳಗೆ ಎಲ್ಲ ಒಪ್ಪಿಸಿಬಿಡ್ತೀನಿ" ಎಂದು ಪಿಸುಗುಟ್ಟಿ, ರಿಜಿಸ್ಟರು, ಬೀಗದಕೈ ಗೊಂಚಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟರು.

ನೆಲಮಾಳಿಗೆಯಲ್ಲಿ ಹನ್ನೊಂದು ವಾಲ್ವುಗಳಿದ್ದವು. ಯಾವುದು ಯಾರ ಮನೆಯದೆಂದು ಕಟ್ಟಿದವನೂ ಬರೆದಿಟ್ಟಿರಲಿಲ್ಲ. ಮೇಷ್ಟ್ರು ಸುಲಭದ ಉಪಾಯ ಹೂಡಿದರು: ಒಂದೊಂದನ್ನೇ ಮುಚ್ಚುವುದು. ಯಾರು ಕಿರುಚುತ್ತಾರೋ ವಾಲ್ವು ಅವರದು.

ಮೊದಲನೆಯದನ್ನು ತಿರುಗಿಸಿದ್ದೇ ತಡ, ಮೂರನೇ ಮಹಡಿಯಿಂದ, "ಯಾವನೋ ಅವ್ನು, ತಲೆಗೆ ಸೋಪು ಹಚ್ಚಿದೀನಿ!" ಎಂಬ ಆರ್ಭಟ. ಇನ್ಶೂರೆನ್ಸ್ ಏಜೆಂಟರು. ಮೇಷ್ಟ್ರು ಸಂತೋಷದಿಂದ "ಮೂರನೇ ಮಹಡಿ, ಬಲಗಡೆ ಬಚ್ಚಲು" ಎಂದು ಚೀಟಿ ಬರೆದು ಕಟ್ಟಿದರು. ಎರಡನೆಯದಕ್ಕೆ ಸಂಗೀತದ ಟೀಚರು ತಾರಸ್ಥಾಯಿಯಲ್ಲಿ ಉತ್ತರಿಸಿದರು. ಅವರ ಬಟ್ಟೆ ಒಗೆಯುವ ಮಷೀನು ನಿಂತಿತ್ತು. ಹತ್ತನೆಯ ಚೀಟಿ ಕಟ್ಟುವಷ್ಟರಲ್ಲಿ ಅರ್ಧ ಕಟ್ಟಡವೇ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಸಲಹೆ ಕೊಡುತ್ತಿತ್ತು.

ಹನ್ನೊಂದನೆಯದು ಮಾತ್ರ ತುಕ್ಕು ಹಿಡಿದು ಕೂತಿತ್ತು. ಡಾಕ್ಟರು ಟಾರ್ಚು ಬಿಟ್ಟು ಇಣುಕಿ, "ಬೇರು ಸಡಿಲವಾಗಿದೆ. ಮುಟ್ಟಬೇಡಿ" ಎಂದರು.

"ಹಲ್ಲೇನ್ರೀ ಅದು, ಬೇರು ಸಡಿಲವಾಗೋಕೆ?" ಎಂದು ಏಜೆಂಟರು, ಟವೆಲ್ಲು ಸುತ್ತಿಕೊಂಡು, ತಲೆಯ ಮೇಲೆ ನೊರೆ ಹೊತ್ತು ಮುನ್ನುಗ್ಗಿದರು. "ಎಡಕ್ಕೆ ತಿರುಗಿಸ್ಬೇಕು. ಹೀಗೆ!"

ವಾಲ್ವು ಇಡಿಯಾಗಿ ಅವರ ಕೈಗೆ ಬಂತು.

ಮೇಲಿನ ಟ್ಯಾಂಕಿನ ನೀರೆಲ್ಲ ಭುಸ್ಸೆಂದು ನುಗ್ಗಿತು. ಮೇಷ್ಟ್ರು ರಿಜಿಸ್ಟರನ್ನು ಡಾಕ್ಟರ ಕೈಗೆ ತುರುಕಿ, ತೊಟ್ಟ ಅಂಗಿ ಬಿಚ್ಚಿ ಪೈಪಿನ ಬಾಯಿಗೆ ಒತ್ತಿ, ಬಹುಕಾಲದ ಮೇಲೆ ಸಿಕ್ಕ ತಮ್ಮನನ್ನು ಅಪ್ಪಿಕೊಂಡಂತೆ ಅದನ್ನು ಗಟ್ಟಿಯಾಗಿ ತಬ್ಬಿಕೊಂಡರು. ಗಲಾಟೆ ಕೇಳಿ ಕೆಳಗಿಳಿದು ಬಂದ ಹೆಂಡತಿ ಒಂದು ಕ್ಷಣ ನೋಡಿ, "ನನ್ನನ್ನ ಯಾವತ್ತಾದ್ರೂ ಹೀಗೆ ತಬ್ಕೊಂಡಿದ್ರಾ?" ಎಂದರು.

ಪ್ಲಂಬರು ಬರುವವರೆಗೂ, ಒಂದೂಕಾಲು ಗಂಟೆ, ಮೇಷ್ಟ್ರು ಕದಲಲಿಲ್ಲ. ಅವನು ಬೆಣೆ ಹೊಡೆದು ನೀರು ನಿಲ್ಲಿಸಿ, ಕತ್ತರಿಸಿದ ಪೈಪಿನ ತುಂಡೊಂದನ್ನು ಎಲ್ಲರ ಕಣ್ಣೆದುರು ಹಿಡಿದ. ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ಲೂ ತೂರುವಂತಿರಲಿಲ್ಲ. "ಇದರಲ್ಲಿ ಇಷ್ಟು ದಿನ ನೀರು ಬಂದಿದ್ದೇ ನಿಮ್ಮ ಪುಣ್ಯ. ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ಎಲ್ಲಾನೂ ಬದಲಾಯಿಸ್ಲೇಬೇಕು."

ಖಾಲಿ ಬಕೆಟ್ಟು ಹಿಡಿದು ನಿಂತವರೆಲ್ಲ ಮೊಟ್ಟಮೊದಲ ಬಾರಿಗೆ ಹೋಗಿ ಆ ಸೂರ್ಯಾಸ್ತವನ್ನು ಓದಿದರು. "ನೀಲಿ ಬಣ್ಣದ್ದು ಮೊದಲು ಆಗ್ಲಿ" ಎಂದು ಟೀಚರು ಸೂಚಿಸಿದರು. ಎಲ್ಲ ಕೈಗಳೂ ಮೇಲೆದ್ದವು. ನೊರೆ ಒಣಗಿ ಬಿಳಿತಲೆಯಾಗಿದ್ದ ಏಜೆಂಟರು ಎರಡೂ ಕೈ ಎತ್ತಿದರು, ಟವೆಲ್ಲು ಜಾರಿದಾಗ ಒಂದನ್ನು ಇಳಿಸಿದರು.

ಮೇಷ್ಟ್ರು ಬೀಗದಕೈ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಕನ್ನಡಕದಂಗಡಿಯವರ ಮುಂದೆ ಚಾಚಿದರು. "ಇನ್ನು ಇದು ನಿಮ್ಮದು."

ಅವರು ಹಾವು ಕಂಡಂತೆ ಹಿಂದೆ ಸರಿದರು. "ನಂಗ್ಯಾಕೆ ಮೇಷ್ಟ್ರೇ? ಮುಂದಿನ ತಿಂಗಳು ನಾನು ಈ ಮನೇನೇ ಬಿಡ್ತಿದೀನಿ. ಡಾಕ್ಟರಿಗೆ ಮಾರ್ತಾ ಇದೀನಿ. ಪೈಪು, ವಾಲ್ವು ಕಣ್ಣಾರೆ ನೋಡದೆ ತಗೊಳಲ್ಲ ಅಂದ್ರು, ಅದಕ್ಕೇ ನಿಮ್ಮನ್ನ ಕರ್ದಿದ್ದು."

ಮೇಷ್ಟ್ರ ಮುಖ ಸೋರಿದ ಟ್ಯಾಂಕಿನಂತೆ ಬರಿದಾಯಿತು. ಕೊನೆಯ ಆಸೆಯಿಂದ ಡಾಕ್ಟರತ್ತ ತಿರುಗಿದರು. "ಇಷ್ಟೆಲ್ಲ ನೋಡಿದ ಮೇಲೂ ತಗೋತೀರಾ? ಹಾಗಾದ್ರೆ ನೀವೇ..."

"ಖಂಡಿತ ತಗೋತೀನಿ" ಎಂದರು ಡಾಕ್ಟರು, ಒದ್ದೆ ರಿಜಿಸ್ಟರನ್ನು ಜೋಪಾನವಾಗಿ ಮೇಷ್ಟ್ರ ಎದೆಗೇ ಒತ್ತುತ್ತ. "ಎಂಟು ಬಿಲ್ಡಿಂಗ್ ನೋಡ್ಬಂದೆ. ತುಕ್ಕು ಹಿಡಿದ ಪೈಪು ಎಲ್ಲಾ ಕಡೆ ಇದೆ. ಅದನ್ನ ತಬ್ಕೊಂಡು ನಿಲ್ಲೋ ಸೆಕ್ರೆಟರಿ ಎಲ್ಲೂ ಸಿಗ್ಲಿಲ್ಲ. ನಂದೊಂದೇ ಷರತ್ತು. ಈ ಹತ್ತು ವರ್ಷದ ಯೋಜನೆ ಮುಗಿಯೋವರೆಗೂ ಇವರೇ ಇರ್ಬೇಕು."

"ಇರ್ತಾರೆ, ಇರ್ತಾರೆ!" ಎಂದು ಎಲ್ಲರೂ ಒಂದೇ ಸ್ವರದಲ್ಲಿ ಕೂಗಿದರು. ಎಲ್ಲರಿಗಿಂತ ಜೋರಾಗಿ ಕನ್ನಡಕದಂಗಡಿಯವರು.

"ನಾಳೆ ಎಂಟಕ್ಕೆ ಕೆಲಸ ಶುರು" ಎಂದ ಪ್ಲಂಬರು. "ಮೇಷ್ಟ್ರು ಪಕ್ಕದಲ್ಲೇ ಇರ್ಬೇಕು."

ಮೇಷ್ಟ್ರು ಅಂಜುತ್ತ ಹೆಂಡತಿಯ ಮುಖ ನೋಡಿದರು. ಆಕೆ ಬೈಯಲಿಲ್ಲ. ಒಣ ಟವೆಲ್ಲು ತಂದು ಗಂಡನ ತಲೆ ಒರೆಸುತ್ತ, "ನಾನೊಬ್ಳೇ ಹೋಗ್ತೀನಿ. ಹತ್ತಲ್ಲ, ನಲವತ್ತು ದಿನ" ಎಂದರು.

"ಅಷ್ಟು ಕೋಪಾನಾ?"

"ಕೋಪ ಅಲ್ರೀ. ಪೈಪು ಹಾಕಿ ಮುಗಿಯೋವರೆಗೂ ನಲವತ್ತು ದಿನ ನೀರು ಸರಿಯಾಗಿ ಬರಲ್ಲ ಅಂತ ಯೋಜನೇಲಿ ನೀವೇ ಬರ್ದಿದೀರಲ್ಲ. ಒಂಬತ್ತು ವರ್ಷದಿಂದ ನೀವು ಬರೆದಿದ್ದನ್ನೆಲ್ಲ ಪೂರ್ತಿ ಓದ್ತಾ ಬಂದಿರೋಳು ನಾನೊಬ್ಳೇ."